ಮೊದಲು ಲಾರಿ ಹತ್ತುವ ಮರಿ: ಗೊರೇಬಾಳದ ಕುರಿಗಾರನ ಪಾಠಗಳು

ಅಮೆರಿಕದ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಅಲ್ಲಿ ದಶಕಗಳಿಂದ ಒಂದು ವಾದ ನಡೆದೇ ಇದೆ. ಒಂದೂವರೆ ವರ್ಷದ ಎಳೆಯ ಗಂಡು ಜಿಂಕೆಯನ್ನು ಹೊಡೆಯಲು ಬಿಡಬೇಕೋ, ಅದು ಬಲಿಯುವ ತನಕ ಮುಟ್ಟಬಾರದೆಂದು ಕಾನೂನು ಮಾಡಬೇಕೋ? ನಮ್ಮ ದೇಶದಲ್ಲಿ ಜಿಂಕೆಗೆ ಬಂದೂಕು ಎತ್ತುವುದೇ ಅಪರಾಧ, ಆದ್ದರಿಂದ ಈ ಜಗಳ ನಮಗೇಕೆ ಎನ್ನಿಸಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಕುರಿ ಕಟ್ಟಿಕೊಂಡವರಿಗೆ ಹಾಗೆನ್ನಿಸಲಾರದು. ಎಳೆಯ ಗಂಡನ್ನು ಈಗಲೇ ಕೊಡುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ನಮ್ಮ ಹಟ್ಟಿಯ ಬಾಗಿಲಿಗೆ ಪ್ರತಿ ಸಂತೆಯ ಹಿಂದಿನ ದಿನ ಬಂದು ನಿಲ್ಲುತ್ತದೆ.

ನಮ್ಮದು ಕೆಂಗುರಿ ತಳಿ. ಈ ತಳಿಯ ತವರು ಎಂದು ಪುಸ್ತಕಗಳು ಹೆಸರಿಸುವುದೇ ಲಿಂಗಸುಗೂರು, ಸಿಂಧನೂರು ಮತ್ತು ಪಕ್ಕದ ಗಂಗಾವತಿ ಸೀಮೆಯನ್ನು. ಕೊಬ್ಬರಿ ಬಟ್ಟಲಿನ ಹೊರಮೈಯಂಥ ಕಂದು ಬಣ್ಣ, ಟಗರಿಗೆ ಕೊಂಬು, ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಉಣ್ಣೆಯ ಕುರಿ ಇದಲ್ಲ, ಮಾಂಸದ ಕುರಿ. ಮಾಂಸದ ಕುರಿ ಅಂದಮೇಲೆ ಗಂಡುಮರಿ ಹುಟ್ಟಿದ್ದೇ ಮಾರಲಿಕ್ಕೆ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ನಾನೂ ಮಾರುತ್ತೇನೆ. ಯಾವ ಮರಿ ಯಾವಾಗ ಹೋಗಬೇಕು ಎಂಬಷ್ಟರಲ್ಲೇ ನನ್ನ ತಕರಾರು. ಹಿಂಡು ಕಾಯುತ್ತ, ದನದ ಡಾಕ್ಟರ ಹತ್ತಿರ ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಕಾಡಿನ ಮರಿಯನ್ನು ಕಾನೂನು ಕಾಯುತ್ತದೆ, ಹಟ್ಟಿಯ ಮರಿಯನ್ನು ಹಟ್ಟಿಯವನೇ ಕಾಯಬೇಕು

ನಮ್ಮ ದೇಶದಲ್ಲೂ ಎಳೆಯ ಪ್ರಾಣಿಯನ್ನು ಹೊಡೆಯಬಾರದೆಂಬ ಬೇಟೆ ನಿಯಮ ಇತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಎಲ್ಲ ಬೇಟೆಯೂ ನಿಂತಿರಲಿಲ್ಲ. ಕೆಲವು ಪ್ರಾಣಿಗಳಿಗೆ ಪರವಾನಗಿ ಪಡೆದು ಬೇಟೆಯಾಡಬಹುದಿತ್ತು. ಅದೇ ಕಾಯ್ದೆಯಲ್ಲಿ, ಪರವಾನಗಿಯಲ್ಲೇ ವಿಶೇಷವಾಗಿ ಬರೆದುಕೊಟ್ಟಿದ್ದರ ಹೊರತು, ಮರಿಗಳನ್ನು, ಹೆಣ್ಣನ್ನು, ಕೊಂಬಿನ ಮೇಲೆ ಇನ್ನೂ ಮೆತ್ತನೆಯ ತೊಗಲು ಹೊದ್ದಿರುವ ಜಿಂಕೆಯನ್ನು ಹೊಡೆಯಬಾರದು ಎಂದಿತ್ತು. 1991ರ ತಿದ್ದುಪಡಿ ಬೇಟೆ ಪರವಾನಗಿಯ ವ್ಯವಸ್ಥೆಯನ್ನೇ ತೆಗೆದುಹಾಕಿತು. ಬೇಟೆಯೇ ಇಲ್ಲವೆಂದಮೇಲೆ ಎಳೆಯದು ಬಲಿತದ್ದು ಎಂಬ ಭೇದವೂ ಬೇಕಾಗಲಿಲ್ಲ, ಆ ಸಾಲುಗಳೂ ಹೋದವು. ನಮ್ಮ ಎರೆಹೊಲಗಳ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯ ಪ್ರಾಣಿ. ಮರಿ, ಹೋರಿ, ಮುದಿ, ಯಾವುದನ್ನು ಹೊಡೆದರೂ ಜೈಲು.

ಕುರಿಮರಿಯ ವಿಷಯದಲ್ಲಿ ಇರುವುದು 2001ರ ಕಸಾಯಿಖಾನೆ ನಿಯಮ. ಮೂರು ತಿಂಗಳೊಳಗಿನ ಮರಿಯನ್ನು, ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿ ಇರುವ ತಾಯಿಯನ್ನು ಕಡಿಯಬಾರದೆಂದು ಅದು ಹೇಳುತ್ತದೆ. ಅದು ದಯೆಯ ನಿಯಮ, ತಳಿಯ ನಿಯಮವಲ್ಲ. ಮೂರು ತಿಂಗಳು ತುಂಬಿದ ಮರುದಿನ ಹಿಂಡಿನ ಅತ್ಯುತ್ತಮ ಟಗರುಮರಿಯನ್ನು ಕಸಾಯಿಗೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ನಾನೂ ಹೇಳುವುದಿಲ್ಲ. ನನ್ನ ಕುರಿಗೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಬೇಡ.

2. ಗಂಡನ್ನು ಕಡಿಮೆ ಮಾಡಿದರೆ ಹಿಂಡು ಕಡಿಮೆಯಾಗುವುದಿಲ್ಲ

ಹತ್ತಿ, ತೊಗರಿ, ಕಡಲೆ ಎರಡೆಲೆ ಬಿಟ್ಟ ಹೊತ್ತಿಗೆ ಚಿಗರಿ ಹಿಂಡು ಬಂದು ಹೋದರೆ ರೈತ ಮತ್ತೆ ಬೀಜ ತರಬೇಕು. ಆ ಸಿಟ್ಟು ನಿಜವಾದದ್ದು. ಸಿಟ್ಟಿನಲ್ಲಿ ಕೆಲವರು, "ಹೆಣ್ಣು ಮರಿ ಬ್ಯಾಡ, ಬರೀ ಗಂಡು ಹೊಡಿಯಾಕಾರ ಪರ್ಮಿಷನ್ ಕೊಡ್ಲಿ" ಅನ್ನುತ್ತಾರೆ. ಕುರಿಗಾರನಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ನೂರು ಕುರಿಯ ಹಿಂಡಿಗೆ ನಾಲ್ಕು ಟಗರು ಸಾಕು. ಉಳಿದ ಗಂಡೆಲ್ಲ ಹೋದರೂ ಮುಂದಿನ ಸುಗ್ಗಿಗೆ ಮರಿಗಳ ಲೆಕ್ಕ ಕಡಿಮೆಯಾಗುವುದಿಲ್ಲ. ಚಿಗರಿಯಲ್ಲೂ ಹಾಗೇ, ಒಂದು ಕರಿ ಹೋರಿ ತನ್ನ ಜಾಗ ಹಿಡಿದು ನಿಂತರೆ ಬಂದ ಹೆಣ್ಣನ್ನೆಲ್ಲ ಅದೇ ಕೂಡುತ್ತದೆ. ಎಳೆಯ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಂಡು ಅಲೆಯುತ್ತವೆ. ಜಿಂಕೆ ಹೆಚ್ಚಾದ ಅಮೆರಿಕದ ಸೀಮೆಗಳಲ್ಲಿ ಸಂಖ್ಯೆ ಇಳಿಸಬೇಕಾದಾಗ ಅಲ್ಲಿನವರು ಹೆಣ್ಣಿನ ಪರವಾನಗಿ ಹೆಚ್ಚಿಸುತ್ತಾರೆ.

ನಮ್ಮಲ್ಲಿ ಅದಕ್ಕೆ ದಾರಿಯಿಲ್ಲ, ಇರಲೂಬಾರದು ಎಂದೇ ನನ್ನ ಅಭಿಪ್ರಾಯ. ಕೃಷ್ಣಮೃಗಕ್ಕೆಂದೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಮಾಡಿದ ರಾಜ್ಯ ನಮ್ಮದು. ಬೆಳೆ ಹೋದ ರೈತನಿಗೆ ಅರಣ್ಯ ಇಲಾಖೆಯ ಪರಿಹಾರ ಬೇಗ ಸಿಗಲಿ, ಮೊಳಕೆ ಕಾಲದಲ್ಲಿ ಊರವರು ಸರದಿಯಲ್ಲಿ ಹೊಲ ಕಾಯಲಿ. ಗಂಡು ಹೊಡೆದು ಬೆಳೆ ಉಳಿಸುತ್ತೇನೆ ಎಂಬುದು ಲೆಕ್ಕಕ್ಕೆ ನಿಲ್ಲದ ಮಾತು.

3. ವ್ಯಾಪಾರಿಯ ಹೆಬ್ಬೆರಳು ಅತ್ಯುತ್ತಮ ಮರಿಯನ್ನೇ ಮೊದಲು ಹಿಡಿಯುತ್ತದೆ

ಮರಿ ಕೊಳ್ಳಲು ಬಂದವನನ್ನು ಗಮನವಿಟ್ಟು ನೋಡಿ. ಅವನು ಮರಿಯ ಮುಖ ನೋಡುವುದಿಲ್ಲ. ಎಡಗೈಯಲ್ಲಿ ಕೊರಳು ಹಿಡಿದು, ಬಲಗೈ ಹೆಬ್ಬೆರಳನ್ನು ಕಡೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಪಕ್ಕದಲ್ಲಿ ಒತ್ತುತ್ತಾನೆ. ಮೂಳೆಯ ಅಂಚು ಚೂಪಾಗಿ ಕೈಗೆ ಹತ್ತಿದರೆ ಬಿಟ್ಟುಬಿಡುತ್ತಾನೆ. ಮಾಂಸದಲ್ಲಿ ಬೆರಳು ಮುಳುಗಿದರೆ ಹಿಂಗಾಲಿನ ಸಂದಿಗೆ ಕೈ ಕೊಟ್ಟು ಒಮ್ಮೆ ಎತ್ತಿ ಇಳಿಸುತ್ತಾನೆ. ಅಷ್ಟರಲ್ಲಿ ತೂಕ ಅವನಿಗೆ ಗೊತ್ತಾಗಿರುತ್ತದೆ. ತಕ್ಕಡಿ ತಂದರೂ ಅರ್ಧ ಕಿಲೋ ಆಚೀಚೆ ಆಗುವುದಿಲ್ಲ. ಇಷ್ಟು ಚೆನ್ನಾಗಿ ಮರಿ ಆರಿಸುವವರು ನಮ್ಮ ಹಟ್ಟಿಗಳಲ್ಲಿ ಕಡಿಮೆ.

"ಇವೆರಡು ಕೊಡ್ರಿ ಯಜಮಾನ್ರ. ಉಳಿದವುನ್ನ ಮುಂದಿನ ಸಂತಿಗೆ ನೋಡೋಣು."

"ಅವೆರಡು ಬ್ಯಾಡ ಮಾರಾಯ. ಹಿಂಡಿಗೆ ಇಟ್ಟೀವಿ."

"ಇಟ್ಟು ಏನ್ ಮಾಡ್ತೀರಿ? ಮೇವು ದಂಡ. ತಲಿಗೆ ಐನೂರು ಹೆಚ್ಚಿಗಿ ತಗೋರಿ, ಇಲ್ಲೇ ಎಣಿಸ್ತೀನಿ."

ಆ ಐನೂರರಲ್ಲಿ ನಮ್ಮ ತಳಿಯ ಭವಿಷ್ಯ ಹೋಗುತ್ತದೆ. ನಾಲ್ಕು ತಿಂಗಳಿಗೇ ತುಂಬಿಕೊಂಡ ಮರಿ ಅಂದರೆ ಬೇಗ ಬೆಳೆಯುವ ಗುಣ ರಕ್ತದಲ್ಲೇ ಇರಬಹುದಾದ ಮರಿ. ಅದು ಮೊದಲ ಲಾರಿ ಹತ್ತುತ್ತದೆ. ನಡುವಣದ್ದು ಎರಡನೇ ಲಾರಿ. ಯಾರಿಗೂ ಬೇಡವಾಗಿ ಹಟ್ಟಿಯಲ್ಲಿ ಉಳಿದ ಸೊರಗಿದ ಮರಿ ಎಂಟು ತಿಂಗಳಿಗೆ ಬೆದೆ ಕುರಿಯ ಹಿಂದೆ ಓಡಾಡತೊಡಗುತ್ತದೆ. ಮುಂದಿನ ವರ್ಷದ ಮರಿಗಳಿಗೆ ಅದೇ ಅಪ್ಪ. ಹೀಗೆ ನಾಲ್ಕೈದು ತಲೆಮಾರು ಕಳೆದಮೇಲೆ ಕಟ್ಟೆಯ ಮೇಲೆ ಕೂತ ಹಿರಿಯರು, "ಮೊದಲಿನ ಕೆಂಗುರಿ ಈಗೆಲ್ಲಿ ಐತಿ, ಆಗಿನ ಟಗರು ಕರದಷ್ಟು ಇರ್ತಿದ್ವು" ಎಂದು ಹೇಳುವುದು. ಮೇವು ಕಡಿಮೆಯಾದದ್ದೂ ಕಾರಣ, ಸುಳ್ಳಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಮೇಯುವ ಬಯಲೆಲ್ಲ ಭತ್ತದ ಗದ್ದೆಯಾಯಿತು, ವಲಸೆ ಬಂದ ರೈತರ ಕ್ಯಾಂಪುಗಳಾದವು. ಆದರೂ ತಪ್ಪನ್ನೆಲ್ಲ ಮೇವಿನ ತಲೆಗೆ ಕಟ್ಟಿದರೆ ನಮ್ಮ ಮಾರಾಟದ ಪದ್ಧತಿ ತಪ್ಪಿಸಿಕೊಳ್ಳುತ್ತದೆ.

4. ದೂರದ ಬೆಟ್ಟದ ಕಾಡುಕುರಿಗೂ ಇದೇ ಗತಿ ಆಯಿತು

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಬಿಗ್‌ಹಾರ್ನ್ ಎಂಬ ಕಾಡುಕುರಿ ಇದೆ. ಅದರ ಟಗರಿನ ಕೊಂಬು ಸುತ್ತಿಕೊಂಡು ಗಲ್ಲದ ತನಕ ಬರುತ್ತದೆ. ಅಲ್ಲಿನ ನಿಯಮ ಕೇಳಲು ಬಹಳ ಚೆನ್ನಾಗಿತ್ತು. ಕೊಂಬು ಒಂದು ಸುತ್ತಿನ ಐದರಲ್ಲಿ ನಾಲ್ಕು ಪಾಲು ತುಂಬಿದ ಟಗರನ್ನು ಮಾತ್ರ ಹೊಡೆಯಬೇಕು, ಅದಕ್ಕಿಂತ ಚಿಕ್ಕದನ್ನು ಬಿಡಬೇಕು. ಎಳೆಯವು ಉಳಿಯಲಿ ಎಂಬುದೇ ಉದ್ದೇಶ.

ರ‍್ಯಾಮ್ ಮೌಂಟನ್ ಎಂಬ ಬೆಟ್ಟದ ಹಿಂಡನ್ನು ವಿಜ್ಞಾನಿಗಳು 1970ರ ದಶಕದಿಂದ ಒಂದೊಂದು ಕುರಿಗೂ ಗುರುತು ಹಾಕಿ ಗಮನಿಸುತ್ತ ಬಂದಿದ್ದರು. 2003ರಲ್ಲಿ ಡೇವಿಡ್ ಕೋಲ್ಟ್‌ಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಅದರ ಫಲಿತಾಂಶ ಬರೆದರು. ಮೂವತ್ತು ವರ್ಷಗಳಲ್ಲಿ ಆ ಬೆಟ್ಟದ ಟಗರುಗಳ ಕೊಂಬೂ ಸಣ್ಣದಾಗಿತ್ತು, ಮೈತೂಕವೂ ಇಳಿದಿತ್ತು. ಕಾರಣ ನಮ್ಮ ಸಂತೆಯದೇ. ಕೊಂಬು ಬೇಗ ಬೆಳೆಯುವ ಟಗರು ನಾಲ್ಕೈದು ವರ್ಷಕ್ಕೇ ನಿಯಮದ ಅಳತೆಗೆ ಬಂದು ಗುಂಡಿಗೆ ಬೀಳುತ್ತದೆ. ಆದರೆ ಆ ಜಾತಿಯಲ್ಲಿ ಟಗರು ಹೆಚ್ಚು ಮರಿಗಳಿಗೆ ಅಪ್ಪನಾಗುವುದು ಅದಕ್ಕೂ ಮುಂದಿನ ವರ್ಷಗಳಲ್ಲಿ. ಕೊಂಬು ನಿಧಾನ ಬೆಳೆಯುವುದು ಗುಂಡು ತಪ್ಪಿಸಿಕೊಂಡು ತನ್ನ ಸಂತಾನ ಬಿಟ್ಟು ಹೋಗುತ್ತದೆ. ಆ ಇಳಿಕೆಯಲ್ಲಿ ಮೇವಿನ ಪಾಲೆಷ್ಟು, ರಕ್ತದ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಆಮೇಲೂ ನಡೆಯಿತು. ದಿಕ್ಕು ಯಾವ ಕಡೆ ಎಂಬುದು ಮಾತ್ರ ಸ್ಪಷ್ಟವಿದೆ.

ಅಮೆರಿಕದ ಮಿಸಿಸಿಪಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1995ರಲ್ಲಿ ಅಲ್ಲಿ, ಎರಡೂ ಕೊಂಬು ಸೇರಿ ಕನಿಷ್ಠ ನಾಲ್ಕು ಕವಲಿಲ್ಲದ ಗಂಡು ಜಿಂಕೆಯನ್ನು ಹೊಡೆಯಬಾರದೆಂದು ರಾಜ್ಯಕ್ಕೆಲ್ಲ ನಿಯಮ ಮಾಡಿದರು. ಎಳೆಯ ಜಿಂಕೆಗೆ ಕವಲು ಕಡಿಮೆ, ಆದ್ದರಿಂದ ಅದು ಉಳಿಯುತ್ತದೆ ಎಂಬ ಲೆಕ್ಕ. ಆದರೆ ಒಂದೂವರೆ ವರ್ಷಕ್ಕೇ ನಾಲ್ಕಾರು ಕವಲು ಬರುವ ಚುರುಕು ಜಿಂಕೆಗಳೂ ಇರುತ್ತವೆ. ಅವು ಸತ್ತವು, ಕವಲೊಡೆಯದವು ಉಳಿದವು. ಕೆಲವು ವರ್ಷಗಳಲ್ಲಿ ಬಲಿತ ಜಿಂಕೆಗಳ ಕೊಂಬಿನ ಗಾತ್ರವೇ ಹಲವು ಕಡೆ ಇಳಿದದ್ದು ಸಂಶೋಧಕರ ಅಳತೆಯಲ್ಲಿ ಕಂಡಿತು. ಕೊನೆಗೆ ಕವಲೆಣಿಸುವುದನ್ನು ಬಿಟ್ಟು ಕೊಂಬಿನ ಅಗಲ, ಉದ್ದ ನೋಡುವ ನಿಯಮಕ್ಕೆ ಹೋದರು. ಪೆನ್ಸಿಲ್ವೇನಿಯಾದಲ್ಲಿ 2002ರಲ್ಲಿ ಒಂದು ಬದಿಯ ಕೊಂಬಿಗೆ ಮೂರು ಅಥವಾ ನಾಲ್ಕು ಕವಲು ಕೇಳುವ ನಿಯಮ ತಂದರು. ಅಲ್ಲಿ ಮೊದಲು ಹೊಡೆದ ಗಂಡುಗಳಲ್ಲಿ ಹೆಚ್ಚಿನವು ಒಂದೂವರೆ ವರ್ಷದವೇ ಆಗಿರುತ್ತಿದ್ದವು. ನಿಯಮ ಬಂದಮೇಲೆ ಬಲಿತ ಗಂಡುಗಳು ಕಾಡಿನಲ್ಲಿ ಹೆಚ್ಚಾದವು. ಅಳತೆ ಬಿಗಿಯಾಗಿದ್ದರೆ ಒಂದೂವರೆ ವರ್ಷದ್ದು ಎಷ್ಟೇ ಚುರುಕಾದರೂ ಅದರೊಳಗೆ ಬರುವುದು ಅಪರೂಪ, ಆಗ ನಿಯಮ ನಿಜವಾಗಿ ವಯಸ್ಸನ್ನು ಕಾಯುತ್ತದೆ. ಸಡಿಲವಾಗಿದ್ದರೆ ಚುರುಕಾದದ್ದನ್ನೇ ಹೆಕ್ಕಿ ಕೊಲ್ಲುತ್ತದೆ.

ಆದ್ದರಿಂದ ಬೇಟೆ ಇರುವ ಕಡೆ ಎಳೆಯ ಗಂಡನ್ನು ಕಾಯುವ ನಿಯಮ ಬೇಕೇ ಎಂದು ನನ್ನನ್ನು ಕೇಳಿದರೆ, ಬೇಕು ಅನ್ನುತ್ತೇನೆ. ಅದು ವಯಸ್ಸನ್ನೇ ನೋಡುವ ನಿಯಮವಾಗಿರಲಿ. ಸಡಿಲವಾಗಿ ಗಾತ್ರ ನೋಡಿ ವಯಸ್ಸು ಊಹಿಸುವ ನಿಯಮ ಇಲ್ಲದಿರುವುದೇ ಲೇಸು.

5. ಸಣ್ಣ ಮರಿ ಎಲ್ಲವೂ ಸಣ್ಣ ತಳಿಯಲ್ಲ

ಇಲ್ಲಿ ಒಂದು ತೊಡಕಿದೆ. ಮೇಲಿನ ಮಾತು ಕೇಳಿ, ಕಣ್ಣಿಗೆ ದಪ್ಪ ಕಂಡ ಮರಿಯನ್ನೆಲ್ಲ ಉಳಿಸಿಕೊಂಡು ಕೂತರೆ ಅದೂ ಮೋಸವೇ. ಹಿಂಡಿನಲ್ಲಿ ಎಲ್ಲ ಕುರಿ ಒಂದೇ ದಿನ ಈಯುವುದಿಲ್ಲ. ದಸರೆ ಮುಂದೆ ಹುಟ್ಟಿದ ಮರಿಗೂ ದೀಪಾವಳಿ ದಾಟಿ ಹುಟ್ಟಿದ್ದಕ್ಕೂ ಒಂದು ತಿಂಗಳ ಹಾಲಿನ ಅಂತರ. ಸಂಕ್ರಾಂತಿಗೆ ಎರಡನ್ನೂ ಜೋಡಿಸಿ ನಿಲ್ಲಿಸಿದರೆ ಹಿಂದಿನದು ದಂಡಪಿಂಡದಂತೆ ಕಾಣುತ್ತದೆ. ಅವಳಿ ಮರಿಗೆ ಹಾಲು ಹಂಚಿಕೆಯಾಗುತ್ತದೆ. ಮೊದಲ ಸೂಲಿನ ತಾಯಿಗೆ ಹಾಲೇ ಕಡಿಮೆ. ಭತ್ತದ ಕೂಳೆಯಲ್ಲಿ, ಕಾಲುವೆಯ ಬಸಿ ನೀರಿನಲ್ಲಿ ಮೇದ ತಾಯಿಗೆ ಪಿತ್ತಜನಕಾಂಗದ ಚಪ್ಪಟೆ ಹುಳ ಹತ್ತಿದ್ದರೆ ಮರಿಯೂ ಏಳುವುದಿಲ್ಲ. ಬಸವನಹುಳು ಇರುವ ನೀರಿದ್ದಲ್ಲಿ ಆ ರೋಗದ ಭಯ ಇದ್ದೇ ಇರುತ್ತದೆ.

ಒಂದೂವರೆ ವರ್ಷಕ್ಕೂ ಕವಲೊಡೆಯದ ಜಿಂಕೆ ಕೀಳು ತಳಿಯದು, ಮೊದಲು ಅದನ್ನೇ ಹೊಡೆಯಿರಿ ಎಂದು ಅಮೆರಿಕದಲ್ಲಿ ಒಂದು ಪಕ್ಷ ಬಹುಕಾಲ ಹೇಳಿತು. ತಡವಾಗಿ ಹುಟ್ಟಿದ್ದರಿಂದ ಹಿಂದೆ ಬಿದ್ದಿರಬಹುದು, ಬಿಡಿ, ಮುಂದೆ ಕೂಡಿಕೊಳ್ಳುತ್ತದೆ ಎಂದು ಇನ್ನೊಂದು ಪಕ್ಷ. ಕುರಿಯಲ್ಲಿ ನಾನು ಎರಡನೆಯವರ ಕಡೆ.

ಹೀಗಾಗಿ ಮರಿಯ ಹುಟ್ಟು ಬರೆದಿಡಬೇಕು. ತಾರೀಖು ನೆನಪಿಲ್ಲದಿದ್ದರೆ ಹಬ್ಬದ ಲೆಕ್ಕವಾದರೂ ಸರಿ. ತಾಯಿ ಯಾವುದು, ಒಂಟಿಯೋ ಅವಳಿಯೋ, ತಾಯಿಗೆ ಎಷ್ಟನೇ ಸೂಲು, ಇಷ್ಟಿದ್ದರೆ ಸಾಕು. ಮೂರು ತಿಂಗಳಿಗೆ ಕೊಕ್ಕೆ ತಕ್ಕಡಿಗೆ ಗೋಣಿಚೀಲ ಕಟ್ಟಿ ಮರಿಯನ್ನು ತೂಗಿ. ಆಮೇಲೆ ಆರು ತಿಂಗಳಿಗೆ ಮತ್ತೊಮ್ಮೆ. ಅವಳಿಯಲ್ಲಿ ಹುಟ್ಟಿ ಮೂರು ತಿಂಗಳಿಗೆ ಹಿಂದಿದ್ದು, ಆರಕ್ಕೆ ಒಂಟಿ ಮರಿಯ ಸಮಕ್ಕೆ ಬಂದದ್ದು ಸಿಕ್ಕಿತೋ, ಅದನ್ನು ಯಾವ ಬೆಲೆಗೂ ಕೊಡಬೇಡಿ. ಅದರ ತಾಯಿಯನ್ನೂ ಕೊಡಬೇಡಿ. ಅವಳಿ ಮರಿ ಸಿಗಲೆಂದು ಫಲ್ಟಣದ ನಾರಿ ಸುವರ್ಣ ತಳಿಯ ಟಗರು ತರುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ತರಲಿ, ಬೇಡ ಅನ್ನುವುದಿಲ್ಲ. ಮೊದಲು ಮನೆಯ ಹಿಂಡಿನಲ್ಲೇ ಏನಿದೆ ಎಂದು ನೋಡಿಕೊಂಡು ಹೋಗಲಿ.

6. ವಯಸ್ಸಿಗೆ ಸಾಕ್ಷಿ ಬಾಯೊಳಗಿದೆ

ಕುರಿಯ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಎಂಟು. ಮೊದಲು ಎಂಟೂ ಹಾಲುಹಲ್ಲು, ಸಣ್ಣವು, ಬಿಳಿಯವು. ಒಂದು ವರ್ಷದಿಂದ ಒಂದೂವರೆ ವರ್ಷದೊಳಗೆ ನಡುವಿನ ಎರಡು ಬಿದ್ದು ಅಗಲವಾದ ಎರಡು ಬರುತ್ತವೆ. ಎರಡರ ಸುಮಾರಿಗೆ ನಾಲ್ಕು, ಆಮೇಲೆ ಆರು, ಎಂಟು. ಟಗರಿನ ಕಾಳಗದವರು ಜೋಡಿ ಕಟ್ಟುವುದೂ ಇದೇ ಲೆಕ್ಕದ ಮೇಲೆ: ಹಾಲುಹಲ್ಲಿನದು ಹಾಲುಹಲ್ಲಿನದಕ್ಕೆ, ನಾಲ್ಕು ಹಲ್ಲಿನದು ನಾಲ್ಕು ಹಲ್ಲಿನದಕ್ಕೆ. (ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಬೇರೆ ಮಾತು.)

ಬಕ್ರೀದಿನ ವ್ಯಾಪಾರವೂ ಬಾಯಿ ತೆರೆದೇ ನಡೆಯುವುದು. ಕುರ್ಬಾನಿಗೆ ಆಡು ಒಂದು ವರ್ಷ ತುಂಬಿರಬೇಕು. ಕುರಿ ಆರು ತಿಂಗಳ ಮೇಲಿದ್ದು ವರ್ಷದ್ದರಷ್ಟು ತುಂಬಿ ಕಾಣುವುದಾದರೆ ನಡೆಯುತ್ತದೆ. ಕುಂಟು, ಕುರುಡು ಆಗದು. ಯಾವ ಸರ್ಕಾರವೂ ಮಾಡದೆ, ಧರ್ಮದ ಕಟ್ಟಳೆಯೇ ಎಳೆಯ ಹೋತಕ್ಕೆ ಒಂದು ವರ್ಷದ ರಕ್ಷಣೆ ಕೊಟ್ಟಿದೆ. ಅದರಿಂದ ಸಾಕಿದವನಿಗೂ ಲಾಭ, ನಾಲ್ಕು ತಿಂಗಳಿಗೆ ಕೊಡುವ ಮರಿಯನ್ನು ವರ್ಷ ಕಾಯ್ದರೆ ಬಕ್ರೀದಿನಲ್ಲಿ ಬರುವ ಬೆಲೆಯೇ ಬೇರೆ. ಅಪಾಯವೂ ಅಲ್ಲೇ ಇದೆ. ಎತ್ತರ, ಬಣ್ಣ, ಕೊಂಬು, ನಡಿಗೆ ಎಲ್ಲ ಸರಿಯಿದ್ದ ಟಗರೇ ಆ ಹಬ್ಬಕ್ಕೆ ಬೇಕು. ಬೀಜಕ್ಕೆಂದು ಇಟ್ಟುಕೊಂಡದ್ದರ ಮೇಲೂ ಕಣ್ಣು ಬೀಳುತ್ತದೆ, ಮಗಳ ಮದುವೆಯೋ ಗೊಬ್ಬರದ ಅಂಗಡಿಯ ಸಾಲವೋ ಇದ್ದರೆ ಕೊಟ್ಟೇಬಿಡುತ್ತೇವೆ. ಹಬ್ಬಕ್ಕೆ ಬೆಳೆಸುವ ಟಗರು ಬೇರೆ, ಬೀಜದ ಟಗರು ಬೇರೆ ಎಂದು ಆರನೇ ತಿಂಗಳಿಗೇ ಬೇರ್ಪಡಿಸಿದವನಿಗೆ ಈ ಇಕ್ಕಟ್ಟು ಬರುವುದಿಲ್ಲ.

7. ಉಳಿಸಿಕೊಂಡರಷ್ಟೇ ಸಾಲದು, ತಡೆದೂ ಇರಬೇಕು

ಟಗರುಮರಿ ಆರೇಳು ತಿಂಗಳಿಗೇ ಹಾರತೊಡಗುತ್ತದೆ. ಗಬ್ಬ ನಿಲ್ಲಿಸುವ ಶಕ್ತಿಯೂ ಬಂದಿರುತ್ತದೆ. ಆಗ ಹಿಂಡಿನೊಳಗೆ ಬಿಟ್ಟರೆ ಅದರ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮೇವು ಬಿಟ್ಟು ಹೆಣ್ಣಿನ ಹಿಂದೆ ಅಲೆಯುತ್ತದೆ, ದೊಡ್ಡ ಟಗರಿನ ಗುದ್ದು ತಿನ್ನುತ್ತದೆ. ಒಂದೂವರೆ ವರ್ಷ, ಅಂದರೆ ಎರಡು ಹಲ್ಲು ಬರುವ ತನಕ ಕೂಡಲು ಬಿಡಬಾರದು. ಬೇರೆ ಮಾಡಿ ಮೇಯಿಸಲು ಆಳಿಲ್ಲದವರು ಹೊಟ್ಟೆಯ ಕೆಳಗೆ ಗೋಣಿತಟ್ಟಿನ ತುಂಡು ಕಟ್ಟುವುದುಂಟು. ತಟ್ಟು ಒದ್ದೆಯಾಗಿ ಹುಣ್ಣಾಗದಂತೆ ದಿನಾ ಬಿಚ್ಚಿ ನೋಡಬೇಕು. ಬೇಡದ ಗಂಡುಗಳಿಗೆ ಬೀಜ ಒಡೆಸಿಬಿಡಿ. ಪಶು ಆಸ್ಪತ್ರೆಯಲ್ಲಿ ಇಕ್ಕಳದಿಂದ ಗಾಯವಿಲ್ಲದೆ ಮಾಡುತ್ತಾರೆ. ಆಮೇಲೆ ಅವು ಹಿಂಡಿನಲ್ಲೇ ಕೊಬ್ಬಿಕೊಂಡು ಇರಲಿ, ಬೇಕಾದಾಗ ಮಾರಿ. ಹಬ್ಬಕ್ಕೆ ಕೊಡುವುದಾದರೆ ಮಾತ್ರ ಕೊಳ್ಳುವವರನ್ನು ಮೊದಲೇ ಕೇಳಿಕೊಳ್ಳಿ, ಬೀಜ ಒಡೆಸಿದ್ದು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗದು.

ಬೀಜಕ್ಕೆ ಇಡುವುದರ ಬೀಜವನ್ನು ಕೈಯಿಂದ ಮುಟ್ಟಿ ನೋಡಬೇಕು. ಎರಡೂ ಕೆಳಗಿಳಿದಿರಬೇಕು, ಒಂದೇ ಗಾತ್ರ, ಒತ್ತಿದರೆ ಬಿಗಿ, ಗಂಟಿರಬಾರದು. ಮೇಲ್ದವಡೆ ಕೆಳದವಡೆ ಸರಿಯಾಗಿ ಕೂಡಬೇಕು. ಹಿಂಗಾಲು ಒಂದಕ್ಕೊಂದು ತಾಗಬಾರದು. ನಾಚಿಕೆ ಪಟ್ಟುಕೊಂಡು ಇದನ್ನು ನೋಡದೆ ಕೊಂಬಿನ ಸುತ್ತಿಗೆ ಮರುಳಾಗಿ ಟಗರು ತರುವವರನ್ನು ಕಂಡಿದ್ದೇನೆ.

8. ಅಪ್ಪ ಮಗಳ ಗಂಡನಾಗಬಾರದು

ಒಳ್ಳೆಯ ಟಗರು ಸಿಕ್ಕಿತೆಂದು ಅದನ್ನೇ ಐದಾರು ವರ್ಷ ಇಟ್ಟುಕೊಂಡರೆ ಈ ಅನಾಹುತ ಆಗುತ್ತದೆ. ಕುರಿ ಐದು ತಿಂಗಳಿಗೆ ಈಯುತ್ತದೆ, ಹುಟ್ಟಿದ ಹೆಣ್ಣುಮರಿ ವರ್ಷದೊಳಗೆ ಬೆದೆಗೆ ಬರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಆ ಟಗರಿನ ಸುತ್ತ ಇರುವುದು ಅದರ ಹೆಣ್ಣುಮಕ್ಕಳೇ. ಆಮೇಲೆ ಬರುವ ಮರಿಗಳಲ್ಲಿ ಸಾವು ಹೆಚ್ಚು, ಬೆಳವಣಿಗೆ ಕಡಿಮೆ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಗಬೇಕು. ಮಾರಬೇಕಿಲ್ಲ, ದೂರದ ಊರಿನ ಹಿಂಡಿನವರ ಜೊತೆ ಅದಲುಬದಲು ಮಾಡಿಕೊಳ್ಳಿ. ಬೀಗರ ಹಿಂಡು ಇದ್ದರೆ ಅನುಕೂಲ. ಹಿಂದಿನವರು ಹೊಲದಲ್ಲಿ ಕುರಿ ಕೂಡಿಸಲು ಹತ್ತಾರು ಹಳ್ಳಿ ಅಲೆಯುವಾಗ ಟಗರುಗಳು ತಾವೇ ಬೆರೆಯುತ್ತಿದ್ದವು. ಈಗ ಅಲೆಮಾರಿತನ ಕಡಿಮೆಯಾಗಿದೆ, ಬೇಲಿಯೊಳಗೆ ಸಾಕುವವರು ಹೆಚ್ಚಿದ್ದಾರೆ. ಆದ್ದರಿಂದ ಇದನ್ನು ಬರೆದಿಟ್ಟೇ ಮಾಡಬೇಕು.

9. ಮಸ್ಕಿಯ ಅಶೋಕನೂ ಮರಿಯ ವಯಸ್ಸು ಎಣಿಸಿದ್ದ

ನಮ್ಮ ಮಸ್ಕಿಯ ಬೆಟ್ಟದ ಬಂಡೆಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ ಸಿಕ್ಕ ಶಾಸನ 'ದೇವಾನಾಂಪ್ರಿಯ'ನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿ ಇತಿಹಾಸದ ದೊಡ್ಡ ಗಂಟೊಂದನ್ನು ಬಿಡಿಸಿತು. ಆ ಬಂಡೆಯಲ್ಲಿ ಕುರಿಯ ಮಾತಿಲ್ಲ. ಅದೇ ದೊರೆಯ ಬೇರೆ ಶಾಸನಗಳಲ್ಲಿದೆ. ಅರಮನೆಯ ಅಡುಗೆಮನೆಯಲ್ಲಿ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲುತ್ತಿದ್ದಾರೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಅವೂ ನಿಲ್ಲುತ್ತವೆ ಎಂದು ಒಂದರಲ್ಲಿ. ಉತ್ತರದ ಕಂಬಗಳ ಮೇಲಿನ ಐದನೇ ಸ್ತಂಭಶಾಸನದಲ್ಲಿ, ಗಬ್ಬದ ಮತ್ತು ಹಾಲೂಡುವ ಆಡು, ಕುರಿ, ಹಂದಿಯನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಬಾರದು ಎಂದು. ಟಗರು, ಹೋತ, ಎತ್ತುಗಳ ಬೀಜ ಒಡೆಯಬಾರದ ತಿಥಿಗಳನ್ನೂ ಅಲ್ಲಿ ಹೆಸರಿಸಿದ್ದಾನೆ.

ಅವನದೂ ದಯೆಯ ಕಾನೂನೇ. ಆದರೆ ಆ ಆರು ತಿಂಗಳ ಗಡುವನ್ನು ನಾನು ಹಟ್ಟಿಯಲ್ಲಿ ಬೇರೆ ಕಾರಣಕ್ಕೆ ಇಟ್ಟುಕೊಂಡಿದ್ದೇನೆ. ಮೂರು ತಿಂಗಳ ಮರಿಯಲ್ಲಿ ಕಾಣುವುದು ತಾಯಿಯ ಹಾಲು. ಆರು ತಿಂಗಳಿಗೆ ಮರಿಯ ಸ್ವಂತ ಗುಣ ಹೊರಬೀಳುತ್ತದೆ. ಅದಕ್ಕೆ ಮೊದಲು ಆರಿಸುವುದು ಕುರುಡಾಟ.

10. ಕಾಯ್ದವನಿಗೆ ಯಾರಾದರೂ ಕೊಡಬೇಕು

ಇಷ್ಟೆಲ್ಲ ಹೇಳಿದಮೇಲೆ ದುಡ್ಡಿನ ಮಾತಿಗೆ ಬರಲೇಬೇಕು. ಮರಿ ಮಾರಿದವನಿಗೆ ಇವತ್ತೇ ರೊಕ್ಕ. ಉಳಿಸಿಕೊಂಡವನಿಗೆ ಒಂದು ವರ್ಷದ ಮೇವು, ಪಿಪಿಆರ್ ಲಸಿಕೆ, ಕರುಳುಬೇನೆ ಲಸಿಕೆ, ನೀಲಿನಾಲಿಗೆಯ ಭಯ, ರಾತ್ರಿ ಕಳ್ಳರ ಭಯ. ಒಳ್ಳೆಯ ಟಗರಿನ ಫಲ ಬರುವುದು ಅದರ ಮರಿಗಳು ಸಂತೆಗೆ ಹೋದಾಗ, ಅಂದರೆ ಎರಡು ವರ್ಷ ಕಳೆದು. ಅಷ್ಟರಲ್ಲಿ ಪಕ್ಕದ ಹಿಂಡಿನವರ ಹೆಣ್ಣುಕುರಿಗಳೂ ಅದಕ್ಕೆ ಪುಕ್ಕಟೆ ಗಬ್ಬ ಕಟ್ಟಿರುತ್ತವೆ. ಖರ್ಚು ಒಬ್ಬನದು, ಲಾಭ ಊರಿನದು. ಹೀಗಿರುವಾಗ ಬಡ ಕುರಿಗಾರನಿಗೆ "ಮರಿ ಉಳಿಸು" ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿವೆ, ದೇಶದಲ್ಲಿ ಮೂರನೇ ಸ್ಥಾನ. ಈ ಲೆಕ್ಕವನ್ನು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಆ ಒಂದು ಕೋಟಿಗೆ ಅಪ್ಪಂದಿರನ್ನು ಆರಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕುರಿ ಸಾಕಣೆದಾರರ ಸಂಘಗಳ ಪದಾಧಿಕಾರಿಗಳಿಗೆ ನನ್ನದೊಂದು ಮನವಿ. ಮುಂದಿನ ಸಭೆಯಲ್ಲಿ ಒಂದೇ ಠರಾವು ಮಾಡಿ. ಪ್ರತಿ ಸದಸ್ಯ ತನ್ನ ಹಿಂಡಿನಲ್ಲಿ ಆರು ತಿಂಗಳು ತುಂಬಿದ ಅತ್ಯುತ್ತಮ ಕೆಂಗುರಿ ಟಗರುಮರಿ ಒಂದಕ್ಕೆ ಸಂಘದ ಕಿವಿಬಿಲ್ಲೆ ಹಾಕಿಸಲಿ. ಎರಡು ಹಲ್ಲು ಬರುವ ತನಕ ಅದನ್ನು ಮಾರದಿದ್ದರೆ ಮೇವಿನ ಖರ್ಚಿನಲ್ಲಿ ಅರ್ಧವನ್ನು ಸಂಘ ಕೊಡಲಿ. ಆಮೇಲೆ ಆ ಟಗರು ಸದಸ್ಯರ ಹಿಂಡುಗಳಲ್ಲಿ ಎರಡೆರಡು ವರ್ಷ ಸುತ್ತಲಿ. ಉಳಿದರ್ಧವನ್ನು ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮಕ್ಕೆ ಅರ್ಜಿ ಬರೆದು ಕೇಳಿ. ಅರ್ಜಿ ಬರೆಯಲು ಯಾರೂ ಸಿಗದಿದ್ದರೆ ಗೊರೇಬಾಳಕ್ಕೆ ಬನ್ನಿ, ನಾನು ಬರೆದುಕೊಡುತ್ತೇನೆ.